ಸಿಳ್ಳೆಯ ಜಾಗ

ಊರೂರಿನ ಜನ ಸಗಿಂದಿಕನ ಮುಖ ನೋಡಿದ್ದಾರೆ. ನಾನು ನೋಡಿದ್ದು ಅವನ ಬೆನ್ನು. ಡ್ರಮ್ ಬಾರಿಸುವವನ ಹಣೆಬರಹವೇ ಅಷ್ಟು. ಹಾಡುವವನ ಹಿಂದೆ ಕೂತು ಅವನ ಅಂಗಿ ಬೆವರುವುದನ್ನೂ ನೆತ್ತಿಯ ಬೋಳು ವರ್ಷದಿಂದ ವರ್ಷಕ್ಕೆ ಅಗಲವಾಗುವುದನ್ನೂ ನೋಡುತ್ತ ನನ್ನ ಆಯುಷ್ಯ ಕಳೆಯಿತು. ಚಪ್ಪಾಳೆ ಅವನ ಮುಖಕ್ಕೆ, ಬೆವರಿನ ವಾಸನೆ ನನಗೆ. ಆದರೆ ನಲವತ್ತು ವರ್ಷ ಒಂದೇ ಬೆನ್ನು ನೋಡಿದವನಿಗೆ ಅದರ ಗುಟ್ಟೆಲ್ಲ ತಿಳಿಯುತ್ತದೆ. ಸುಳ್ಳು ಹೇಳುವಾಗ ಅವನ ಎಡ ಭುಜ ಮೇಲೇರುತ್ತದೆ. ಹೆದರಿದಾಗ ಕುತ್ತಿಗೆ ಆಮೆಯ ಹಾಗೆ ಕಾಲರಿನೊಳಗೆ ಹೋಗುತ್ತದೆ. ಕಳೆದ ಆಗಸ್ಟಿನ ಗಣಿಗಾರರ ಹಬ್ಬದ ದಿನ ಒಳಗೆ ಹೋದ ಆ ಕುತ್ತಿಗೆ ಇನ್ನೂ ಪೂರ್ತಿ ಹೊರಗೆ ಬಂದಿಲ್ಲ.

ನಮ್ಮದು ಕೋಮಿರ್ತಾಸ್, ಕಜಾಖರ ನಾಡಿನ ಕರಗಂದ ನಗರದ ಸುತ್ತಲಿನ ಕಲ್ಲಿದ್ದಲಿನ ಊರುಗಳಲ್ಲಿ ಒಂದು. ಕಜಾಖರು, ರಷ್ಯನ್ನರು, ಜರ್ಮನ್ನರು, ನನ್ನಂಥ ತಾತಾರರು ಎಲ್ಲರೂ ಪಾಳಿ ಮುಗಿದು ಸ್ನಾನದ ಮನೆ ಸೇರುವ ತನಕ ಇಲ್ಲಿ ಒಂದೇ ಬಣ್ಣ. ನಾನು ಗಣಿಯ ದೀಪದ ಕೋಣೆಯಲ್ಲಿದ್ದೆ. ಇಳಿಯುವವನ ಕೈಗೆ ದೀಪ ಕೊಡುವುದು, ಹತ್ತಿ ಬಂದವನ ಕೈಯಿಂದ ವಾಪಸು ಪಡೆಯುವುದು, ಅಷ್ಟೇ ಕೆಲಸ. ಸಗಿಂದಿಕ್ ಕೆಳಗೆ ಕಲ್ಲಿದ್ದಲು ಕತ್ತರಿಸುವ ಯಂತ್ರದ ಮೇಲಿದ್ದ. ಬೇಸ್ ಗಿಟಾರಿನ ವೀತ್ಯಾ ಅವನದೇ ತಂಡ. ಗಿಟಾರಿನ ಎಡ್ಗರ್ ವಿದ್ಯುತ್ ರಿಪೇರಿಯವನು; ತನ್ನ ಹೆಂಡತಿಯ ಬಟ್ಟೆ ಬೀರುವಿನ ಬಾಗಿಲು ಕಿತ್ತು ನಮ್ಮ ಮೊದಲ ಗಿಟಾರು ಮಾಡಿದ. ಆ ಮಹಾತಾಯಿ ಅದನ್ನು ಜೀವಮಾನವಿಡೀ ಎತ್ತಿ ಆಡಿದಳು. ದೀಪದ ಕೋಣೆಯ ಹಿಂದಿನ ಉಗ್ರಾಣದಲ್ಲಿ ನಮ್ಮ ಅಭ್ಯಾಸ. ಹಾಗಾಗಿ ತಂಡದ ಹೆಸರೂ ‘ದೀಪದ ಕೋಣೆ’ ಎಂದೇ ಆಯಿತು. ಮೇಲಿನವರ ಕಾಗದದಲ್ಲಿ ಮಾತ್ರ ‘ಗಣಿಗಾರರ ವಾದ್ಯಮೇಳ’. ರಾಕ್ ಎಂಬ ಮಾತು ಆಗ ಕಾಗದಕ್ಕೆ ಆಗುತ್ತಿರಲಿಲ್ಲ.

ಸಗಿಂದಿಕನ ಗಂಟಲು ಸಂಗೀತದ ಶಾಲೆಗೆ ಹೋದದ್ದಲ್ಲ, ಧೂಳು ಕುಡಿದದ್ದು. ಅವನು ಬಾಯಿ ತೆರೆದರೆ ಹಿಂದಿನ ಸಾಲಿನ ಕುಡುಕನೂ ನೆಟ್ಟಗೆ ಕೂರುತ್ತಿದ್ದ. ಹುಡುಗಿಯರ ವಿಷಯ ನಾನು ಹೇಳುವುದಿಲ್ಲ, ಕುಲ್ಯಾಶ್ ಓದಿದರೆ ನನಗೆ ಚಹಾ ಸಿಗದು. ಕುಲ್ಯಾಶ್ ಅವನ ಹೆಂಡತಿ.

ಗಣಿಯೂರಿನಲ್ಲಿ ಸಿಳ್ಳೆ ಹಾಕಬಾರದು. ಮನೆಯೊಳಗೆ ಹಾಕಿದರೆ ಮನೆಯ ಸಿರಿ ಹಾರಿಹೋಗುತ್ತದೆ, ಗಣಿಯೊಳಗೆ ಹಾಕಿದರೆ ಚಾವಣಿ ಎಚ್ಚರವಾಗುತ್ತದೆ. ಇದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ, ಕೆನ್ನೆಗೆ ಬಿದ್ದ ಏಟು ಹೇಳಿಕೊಟ್ಟಿತು. ನಮ್ಮೂರ ಮೈದಾನದಲ್ಲಿ ಫುಟ್‌ಬಾಲಿನ ರೆಫರಿ ಪೀಪಿ ಊದಿದರೂ ಮುದುಕಿಯರು ಕಿಟಕಿಯಿಂದ ಶಾಪ ಹಾಕುತ್ತಾರೆ.

ಅಂಥ ಊರಿನಲ್ಲಿ ನಮ್ಮ ದೊಡ್ಡ ಹಾಡು ಶುರುವಾಗಿದ್ದು ಸಿಳ್ಳೆಯಿಂದ. ಹಾಡಿನ ಹೆಸರು ‘ಕೆಳಗಿನ ಗಾಳಿ’. ಅಭ್ಯಾಸದ ಹೊತ್ತಿನಲ್ಲಿ ಎಡ್ಗರನ ತಂತಿ ಕಿತ್ತುಹೋಯಿತು. ಅವನು ನುಡಿಸಬೇಕಿದ್ದ ಸಾಲನ್ನು ಸಗಿಂದಿಕ್ ಮೈಮರೆತು ಸಿಳ್ಳೆಯಲ್ಲಿ ಹಾಕಿಬಿಟ್ಟ. ವೀತ್ಯಾ ಟೋಪಿ ತೆಗೆದು ಅವನ ಮುಖಕ್ಕೆ ಎಸೆದ.

“ಲೇ, ತಲೆ ಕೆಟ್ಟಿದೆಯಾ ನಿಂಗೆ? ನಾಳೆ ನಾನು ನಿನ್ ಜೊತೇಲೇ ಇಳೀಬೇಕು!”

“ಇದು ಮೇಲಲ್ವೇನೋ, ಕೆಳಗಲ್ಲ. ಚಾವಣಿಗೆ ಕಿವಿ ಇಷ್ಟು ದೂರ ಇರಲ್ಲ ಬಿಡು.”

“ನಿನ್ನ ಬಾಯಿಗೆ ಮಣ್ಣು ಹಾಕ,” ಎಂದ ವೀತ್ಯಾ. ಆದರೆ ಆ ಸಿಳ್ಳೆ ಎಷ್ಟು ಚೆನ್ನಾಗಿತ್ತೆಂದರೆ ಬೈದವನೇ ಮರುದಿನ ಅದನ್ನು ಗುನುಗುತ್ತಿದ್ದ. ಬೇಸಿಗೆಯಲ್ಲಿ ಅಲ್ಮಾ-ಅತಾಕ್ಕೆ ಹೋಗಿ ಹಾಡನ್ನು ಸಿಳ್ಳೆಯ ಸಮೇತ ರೆಕಾರ್ಡ್ ಮಾಡಿಸಿ ಬಂದೆವು.

ಆ ವರ್ಷದ ಶರತ್ಕಾಲದಲ್ಲಿ, ಕೆಳಗೆ ಊಟದ ಹೊತ್ತಿನಲ್ಲಿ, ಬ್ರೆಡ್ಡೂ ಕುದುರೆ ಮಾಂಸದ ಸಾಸೇಜೂ ತಿನ್ನುತ್ತಿದ್ದ ಹುಡುಗರು ಸಗಿಂದಿಕನನ್ನು ಕೆಣಕಿದರು. “ರೆಕಾರ್ಡಿಗಾದ್ರೆ ಹಾಕ್ತೀಯ, ನಮಗಾದ್ರೆ ಇಲ್ವಾ? ದೊಡ್ಡ ಮನುಷ್ಯ ಆಗ್ಬಿಟ್ಟೆಯಪ್ಪ!” ಇವನು ಹೊಗಳಿಕೆಗೆ ಉಬ್ಬುವ ಪ್ರಾಣಿ. ಹಾಕಿದ. ಪಾಳಿ ಮುಗಿದು ಎಲ್ಲರೂ ಮೇಲೆ ಬಂದರು. ನಾನು ದೀಪ ತೆಗೆದುಕೊಂಡೆ. ಸಗಿಂದಿಕ್ ಬರೀ ಅಂಗಿಯಲ್ಲಿದ್ದ. ಹತ್ತಿ ತುಂಬಿದ ಕೆಲಸದ ಜಾಕೆಟ್ ಮೈಮೇಲಿರಲಿಲ್ಲ. “ಎಲ್ಲೋ ಜಾಕೆಟ್ಟು?” ಎಂದೆ. “ಕೆಳಗಿದೆ, ಸೆಕೆ,” ಎಂದ. ಅವನ ಎಡ ಭುಜ ಮೇಲೇರಿತು. ನನಗೆ ಆಗ ಅದರ ಅರ್ಥ ಗೊತ್ತಿರಲಿಲ್ಲ.

ರಜೆಯಲ್ಲಿದ್ದವನೊಬ್ಬನ ಬದಲಿಗೆ ವೀತ್ಯಾ ಮುಂದಿನ ಪಾಳಿಗೂ ಇಳಿದಿದ್ದ. ಆ ಪಾಳಿಯ ದೀಪಗಳು ನನ್ನ ಕೈಗೆ ವಾಪಸು ಬರಲಿಲ್ಲ. ಅನಿಲ ಸಿಡಿಯಿತು. ನನ್ನ ಗೋಡೆಯ ಮೇಲೆ ಖಾಲಿ ಉಳಿದ ಆ ಮೊಳೆಗಳನ್ನು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತೇನೆ.

ಮೇಲಿನಿಂದ ಬಂದ ತನಿಖೆಯವರು ‘ಪ್ರಕೃತಿ ವಿಕೋಪ’ ಎಂದರು. ಊರು ‘ಸಿಳ್ಳೆ’ ಎಂದಿತು. ವೀತ್ಯಾನ ಹೆಂಡತಿ ತಮಾರಾ ಶವಪೆಟ್ಟಿಗೆಯ ಪಕ್ಕದಿಂದ ಎದ್ದು ಬಂದು ಸಗಿಂದಿಕನ ಮುಖಕ್ಕೆ ಉಗುಳಿದಳು. ಅವನು ಒರೆಸಿಕೊಳ್ಳಲಿಲ್ಲ.

ಅದೇ ಚಳಿಗಾಲ ನಮ್ಮ ರೆಕಾರ್ಡ್ ಹೊರಬಂತು. ಓಮ್ಸ್ಕಿನಿಂದ ತಾಷ್ಕೆಂಟಿನವರೆಗೆ ಹುಡುಗರು ಕಿಟಕಿಗೆ ಟೇಪ್ ರೆಕಾರ್ಡರ್ ಇಟ್ಟು ಅದೇ ಸಿಳ್ಳೆಯನ್ನು ಕೇಳಿದರು. ಊರಿಗೆ ಮಾರಿಯಾದದ್ದು ಲೋಕಕ್ಕೆ ಇಷ್ಟವಾಯಿತು. ಸಗಿಂದಿಕ್ ಗಣಿ ಬಿಟ್ಟ. ಆಮೇಲೆ ಹೊಟ್ಟೆಗೆ ಹಾಡೊಂದೇ. ಸ್ಟೇಡಿಯಮ್ಮುಗಳಲ್ಲಿ ಹಾಡಿದೆವು, ಹೂವು ಹಿಡಿದ ಹುಡುಗಿಯರನ್ನು ಪೊಲೀಸರು ವೇದಿಕೆಯಿಂದ ಎತ್ತಿಕೊಂಡು ಹೋಗುತ್ತಿದ್ದರು. ಆದರೆ ಆ ಹಾಡಿನ ಮೊದಲು ಅವನು ಸಿಳ್ಳೆ ಹಾಕಲಿಲ್ಲ. ಸಿಳ್ಳೆಯ ಜಾಗವನ್ನು ಖಾಲಿ ಬಿಟ್ಟ. ನಾನು ಕೋಲಿನಿಂದ ಮೆಲ್ಲಗೆ ತಾಳ ಹಿಡಿದಿರುತ್ತಿದ್ದೆ, ಅವನು ಬಾಯಿ ಮುಚ್ಚಿ ನಿಂತಿರುತ್ತಿದ್ದ, ಅಷ್ಟು ಹೊತ್ತು ಕಳೆದ ಮೇಲೆ ಹಾಡು. ಬೇರೆ ಊರುಗಳಲ್ಲಿ ಜನರೇ ಆ ಜಾಗದಲ್ಲಿ ಸಿಳ್ಳೆ ಹಾಕುತ್ತಿದ್ದರು, ಸಾವಿರಾರು ಬಾಯಿ ಒಟ್ಟಿಗೆ. ಆಗೆಲ್ಲ ನನ್ನ ಮುಂದಿನ ಕುತ್ತಿಗೆ ಕಾಲರಿನೊಳಗೆ ಹೋಗುತ್ತಿತ್ತು. ಕೋಮಿರ್ತಾಸಿನಲ್ಲಿ ಮಾತ್ರ ಆ ಜಾಗದಲ್ಲಿ ಯಾರೂ ಕೆಮ್ಮುತ್ತಲೂ ಇರಲಿಲ್ಲ. ಗಂಡಸರು ಟೋಪಿ ತೆಗೆಯುತ್ತಿದ್ದರು. ಕೆಲವು ವರ್ಷಗಳ ಮೇಲೆ ತಮಾರಾ ಕೂಡ ಬಂದು ಹಿಂದಿನ ಸಾಲಿನಲ್ಲಿ ಕೂರತೊಡಗಿದಳು. ಹಾಡು ಶುರುವಾದರೆ ಎದ್ದು ಹೋಗುವಳು. ಆ ಖಾಲಿ ಜಾಗಕ್ಕಷ್ಟೇ ಅವಳು ಬರುತ್ತಿದ್ದದ್ದು.

ಕಾಲ ಕೆಟ್ಟಿತು. ದೇಶ ಒಡೆಯಿತು, ಎಡ್ಗರ್ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಜರ್ಮನಿಗೆ ಹೋದ. ನಾವು ಮದುವೆಗಳಲ್ಲಿ ಬಾರಿಸಿ ಹಾಡಿ ಒಂದು ಮೂಟೆ ಹಿಟ್ಟು, ಕುರಿಯ ತೊಡೆ ತರುತ್ತಿದ್ದೆವು. ಸ್ಟೇಡಿಯಮ್ಮಿನಲ್ಲಿ ಮೆರೆದವನು ಮದುವೆಯ ಅಜ್ಜಿಯರಿಗೆ ಹಳೆಯ ಲಾಲಿ ಹಾಡುವುದನ್ನು ಹಿಂದಿನಿಂದ ನೋಡಿ ನನಗೆ ಅಳು ಬಂದದ್ದುಂಟು. ಅವನಿಗೆ ನಗು ಬರುತ್ತಿತ್ತು. “ಅಳ್ಬೇಡ ಫರೀದ್, ಇವತ್ತು ಕುರಿ ಕೊಬ್ಬಿದೆ,” ಎನ್ನುತ್ತಿದ್ದ. ಆಮೇಲೆ ನಮ್ಮ ಕಾಲದ ಹುಡುಗರಿಗೆ ತಲೆ ನರೆತು ಹಳೆಯ ಹಾಡಿನ ಹುಚ್ಚು ಹಿಡಿಯಿತು, ನಮಗೆ ಮತ್ತೆ ಕರೆ ಬರತೊಡಗಿತು.

ಅಂಥದೊಂದು ಪ್ರಯಾಣದಲ್ಲಿ, ಪೆತ್ರೊಪಾವ್ಲ್ ಕಡೆಯ ರೈಲಿನಲ್ಲಿ, ಬೇಯಿಸಿದ ಮೊಟ್ಟೆ ಸುಲಿಯುತ್ತ ಕೂತಿದ್ದಾಗ ಅವನು ತಾನಾಗಿಯೇ ಹೇಳಿದ:

“ಫರೀದ್, ಅವತ್ತು ಜಾಕೆಟ್ಟು ಎಲ್ಲಿ ಅಂತ ಕೇಳ್ದೆಯಲ್ಲ. ಮೂಗಿನ ಮೇಲಿತ್ತು.”

ಅನಿಲ ಹೆಚ್ಚಾದರೆ ಕಂಡುಹಿಡಿದು ಯಂತ್ರದ ವಿದ್ಯುತ್ತನ್ನು ತಾನೇ ಕಡಿಯುವ ಪೆಟ್ಟಿಗೆಯೊಂದು ಚಾವಣಿಗೆ ತೂಗುತ್ತಿರುತ್ತದೆ. ಗಣಿಯವರು ಅದನ್ನು ಮೂಗು ಎನ್ನುತ್ತಾರೆ. ಮೂಗು ಪದೇ ಪದೇ ಯಂತ್ರ ನಿಲ್ಲಿಸಿದರೆ ಆ ತಿಂಗಳ ಗುರಿ ತಲುಪುವುದಿಲ್ಲ. ಮೇಸ್ತ್ರಿ ಕಣ್ಣು ಮಿಟುಕಿಸುತ್ತಾನೆ, ಯಾರೋ ಒಬ್ಬ ಜಾಕೆಟ್ ಬಿಚ್ಚಿ ಅದಕ್ಕೆ ಸುತ್ತುತ್ತಾನೆ. ಸರದಿಯ ಪ್ರಕಾರ ಒಂದೊಂದು ದಿನ ಒಬ್ಬೊಬ್ಬನ ಜಾಕೆಟ್. ಅವತ್ತು ಸಗಿಂದಿಕನದು. ಮುಂದಿನ ಪಾಳಿಯೂ ಅದನ್ನು ಹಾಗೇ ಬಿಟ್ಟುಕೊಂಡಿತು.

ನನ್ನ ಕೈಯ ಮೊಟ್ಟೆ ಕೆಳಗೆ ಬಿತ್ತು. “ಮತ್ತೆ ಇಷ್ಟು ವರ್ಷ ಸಿಳ್ಳೆ ಸಿಳ್ಳೆ ಅಂತ ಊರ್ ಕೈಲೆಲ್ಲ ಉಗಿಸ್ಕೊಂಡೆಯಲ್ಲೋ! ಯಾಕೆ ಹೇಳ್ಲಿಲ್ಲ?”

“ಹೇಳಿ? ಸಿಳ್ಳೆ ಅಂದ್ರೆ ನನ್ನೊಬ್ಬನ ತಪ್ಪು. ಜಾಕೆಟ್ಟು ಅಂದ್ರೆ ಎಲ್ಲರದ್ದೂ. ಸತ್ತವರದ್ದೂ. ವೀತ್ಯಾನೂ ಅದರ ಕೆಳಗೇ ಕೂತು ಊಟ ಮಾಡಿದ್ದ. ತಮಾರಾಗೆ ಹೋಗಿ ಅದನ್ನ ಹೇಳ್ಲಾ?”

ಅವನ ಭುಜ ಏರಲಿಲ್ಲ.

ಇನ್ನು ಅವನ ಮಗ ಬೆಯ್ಬಿತ್. ಹುಟ್ಟಿದಾಗಿನಿಂದ ಆ ಹುಡುಗ ಊರಿಗೆ ‘ಸಿಳ್ಳೆಯವನ ಮಗ’. ಶಾಲೆಯಲ್ಲಿ ಅವನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಬೆಳೆದ ಮೇಲೆ ಅಪ್ಪನ ಹಾಡಿನ ದಾರಿಯೂ ಬೇಡ, ಬೇರೆ ಊರೂ ಬೇಡ ಎಂದು ಹಟ ಹಿಡಿದು ಅದೇ ಗಣಿಗೆ ಸೇರಿದ. ಅದೂ ಅಪ್ಪ ಇದ್ದ ಅದೇ ಕೆಲಸಕ್ಕೆ. ಸಗಿಂದಿಕ್ ಬೇಡಿಕೊಂಡ, ಬೈದ, ಕಡೆಗೆ ಮಗನ ಬೂಟುಗಳನ್ನು ಬಚ್ಚಿಟ್ಟ.

“ನೀನು ಕೆಡಿಸಿದ ಹೆಸರನ್ನ ನಾನು ತೊಳೀತೀನಿ, ಕೋಕೆ,” ಎಂದ ಬೆಯ್ಬಿತ್. ಅಪ್ಪನನ್ನು ಕಜಾಖರು ಕೋಕೆ ಎನ್ನುತ್ತಾರೆ. “ನಾನು ದಿನಾ ಇಳಿದು ದಿನಾ ಹತ್ತಿ ಬರೋದನ್ನ ಇವರು ನೋಡ್ಲಿ. ಆಗ ಬಾಯಿ ಮುಚ್ತಾರೆ.”

ಮುಚ್ಚಿದರು ಕೂಡ. ಹುಡುಗ ದುಡಿಮೆಗಾರ. ಹತ್ತಾರು ವರ್ಷ ಅವನ ಪಾಳಿಯಲ್ಲಿ ಒಬ್ಬನ ಬೆರಳೂ ಜಜ್ಜಲಿಲ್ಲ. ‘ಸಿಳ್ಳೆಯವನ ಮಗ’ ಹೋಗಿ ‘ನಮ್ಮ ಬೆಯ್ಬಿತ್’ ಆದ. ಆದರೆ ಪ್ರತಿ ಪಾಳಿ ಬಿಡುವ ಹೊತ್ತಿಗೆ ಅವನಪ್ಪ ಕಿಟಕಿಯ ಬಳಿ ನಿಂತಿರುತ್ತಿದ್ದ. ಮಗ ಬೀದಿ ತಿರುಗಿ ಕಂಡ ಮೇಲೆಯೇ ಬಾಯಿಗೆ ಚಹಾ.

ಕಳೆದ ಆಗಸ್ಟಿನಲ್ಲಿ ಗಣಿಗಾರರ ಹಬ್ಬಕ್ಕೆ ನಮ್ಮ ತಂಡದ ಸನ್ಮಾನ ಎಂದು ಈಗ ಗಣಿ ನಡೆಸುವ ಕಂಪನಿಯವರು ಗೊತ್ತುಮಾಡಿದರು. ಸಂಸ್ಕೃತಿ ಭವನದಲ್ಲಿ ಸಂಜೆಯ ಕಾರ್ಯಕ್ರಮ. ಅದನ್ನು ನಡೆಸಲು ಅಲ್ಮಾತಿಯಿಂದ, ಅಂದರೆ ನಮ್ಮ ಹಳೆಯ ಅಲ್ಮಾ-ಅತಾದಿಂದ, ದಾನಿಯಾರ್ ಎಂಬವನು ಬಂದ. ಹೊಳೆಯುವ ಕೋಟು, ಹೊಳೆಯುವ ಹಲ್ಲು. ಹಬ್ಬವಾದರೂ ಗಣಿಗೆ ರಜೆ ಇರಲಿಲ್ಲ. ಆ ತಿಂಗಳ ಗುರಿ ಮುಟ್ಟಿಲ್ಲವೆಂದು ಮಧ್ಯಾಹ್ನದ ಪಾಳಿ ಇಳಿದಿತ್ತು, ಬೆಯ್ಬಿತನೂ ಅದರಲ್ಲಿದ್ದ. ಈ ಸುದ್ದಿ ತಿಳಿದಾಗಿನಿಂದ ಸಗಿಂದಿಕನ ಮೋರೆ ಕಪ್ಪಿಟ್ಟಿತ್ತು.

“ಗುರಿ ಮುಟ್ಟಿಲ್ವಂತೆ,” ಎಂದು ವೇದಿಕೆಯ ಹಿಂದೆ ನನ್ನ ಕಿವಿಯಲ್ಲಿ ಹೇಳಿದ. “ಹಬ್ಬದ ದಿನ ಇಳಿಸ್ತಾರೆ ಅಂದ್ರೆ ಮೂಗನ್ನೂ ಸುಮ್ನಿರಿಸಿರ್ತಾರೆ.”

“ಈಗಿನ ಪೆಟ್ಟಿಗೆಗಳು ಬೇರೆ ಮಾರಾಯ, ಕಂಪ್ಯೂಟರಿಗೆ ಹೋಗ್ತವೆ,” ಎಂದೆ.

“ಜಾಕೆಟ್ಟು ಅದೇ ಅಲ್ವಾ?”

ಭವನ ಕಿಕ್ಕಿರಿದಿತ್ತು. ನಾಲ್ಕೈದು ಹಾಡು ಚೆನ್ನಾಗಿಯೇ ಆಯಿತು. ಆಮೇಲೆ ‘ಕೆಳಗಿನ ಗಾಳಿ’. ನಾನು ತಾಳ ಹಿಡಿದೆ. ಗಂಡಸರು ಟೋಪಿ ತೆಗೆದರು. ಅವನು ಬಾಯಿ ಮುಚ್ಚಿ ನಿಂತ.

ಮತ್ತು ಸಿಳ್ಳೆ ಬಂತು.

ಅವನ ಬಾಯಿಂದಲ್ಲ, ಗೋಡೆಗೆ ನಿಲ್ಲಿಸಿದ್ದ ಸ್ಪೀಕರುಗಳಿಂದ. ದಾನಿಯಾರ್ ಹಳೆಯ ರೆಕಾರ್ಡಿನಿಂದ ಸಿಳ್ಳೆಯನ್ನು ಬಿಡಿಸಿ, ತೊಳೆದು ಹೊಳಪಿಸಿ, ಆ ಖಾಲಿ ಜಾಗಕ್ಕೆ ಸರಿಯಾಗಿ ಕೂರಿಸಿದ್ದ. ನಮಗೆಲ್ಲ ಸಂತೋಷವಾಗಲೆಂದು ಮುಂಚೆ ಹೇಳಿರಲಿಲ್ಲವಂತೆ. ಹೊರಗಿನವನಿಗೆ ಅದೊಂದು ಕೊರತೆಯಾಗಿ ಕಂಡಿತ್ತು, ತುಂಬಿಸಿದ. ಇಪ್ಪತ್ತು ಚಿಲ್ಲರೆ ವಯಸ್ಸಿನ ಸಗಿಂದಿಕ್ ಭವನದ ತುಂಬ ಸಿಳ್ಳೆ ಹಾಕುತ್ತಿದ್ದ, ಅರವತ್ತೈದರ ಸಗಿಂದಿಕ್ ನನ್ನ ಮುಂದೆ ಕುತ್ತಿಗೆಯಿಲ್ಲದೆ ನಿಂತಿದ್ದ. ನನ್ನ ಕೋಲುಗಳು ನಿಂತುಹೋದವು. ಸಿಳ್ಳೆ ಮಾತ್ರ ನಿಲ್ಲಲಿಲ್ಲ.

ಹಿಂದಿನ ಸಾಲಿನಲ್ಲಿ ತಮಾರಾ ಎದ್ದಳು. “ನನ್ ಗಂಡ ಸಾಲ್ದೇ ಹೋದ್ನಾ ಸಗಿಂದಿಕ್? ಈಗ ನಿನ್ ಮಗ ಕೆಳಗಿದ್ದಾನಲ್ಲೋ!” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿದ್ದು. ಕೆಳಗೆ ಮಗನಿದ್ದವರು, ಗಂಡನಿದ್ದವರು ಒಬ್ಬೊಬ್ಬರಾಗಿ ಎದ್ದರು. ಬಾಗಿಲ ಬಳಿ ನೂಕುನುಗ್ಗಲಾಯಿತು. ದಾನಿಯಾರ್ ಮೈಕಿನಲ್ಲಿ “ಕೂತ್ಕೊಳ್ಳಿ, ಕೂತ್ಕೊಳ್ಳಿ, ಏನಾಗಿಲ್ಲ” ಎನ್ನುತ್ತಲೇ ಇದ್ದ. ಸಗಿಂದಿಕ್ ವೇದಿಕೆಯಿಂದ ಧುಮುಕಿದ. ಆ ಮಂಡಿಯಲ್ಲಿ ಧುಮುಕುವ ಕಸುವಿದೆಯೆಂದು ನನಗೇ ಗೊತ್ತಿರಲಿಲ್ಲ.

ಗಣಿಯ ಬಾಯಿ ಭವನದಿಂದ ಕೂಗಳತೆ. ಊರಿಗೆ ಊರೇ ಹಬ್ಬದ ಬಟ್ಟೆಯಲ್ಲಿ ಅಲ್ಲಿ ಹೋಗಿ ನಿಂತಿತು. ಪಾಳಿ ಬಿಡುವ ಹೊತ್ತಾಗಿತ್ತು, ಮುಂದಿನ ಪಾಳಿಯವರು ಹಣೆಗೆ ದೀಪ ಕಟ್ಟಿಕೊಂಡು ಸಾಲಾಗಿ ನಿಂತಿದ್ದರು. ಜನರನ್ನು ಏರಿಸಿ ಇಳಿಸುವ ಬೋನಿನ ಮೇಲಿನ ಚಕ್ರ ಅಲುಗಾಡದೆ ನಿಂತಿತ್ತು. ಸಗಿಂದಿಕನ ಸುತ್ತ ಒಂದಿಷ್ಟು ಜಾಗ ಬಿಟ್ಟು ಜನ ನಿಂತಿದ್ದರು, ಸೋಂಕಿನವನ ಸುತ್ತ ನಿಲ್ಲುವ ಹಾಗೆ. ಕುಲ್ಯಾಶ್ ಕೂಡ ಆ ಗೆರೆಯ ಹೊರಗೇ ಇದ್ದಳು.

ಚಕ್ರ ತಿರುಗಿತು. ಬೋನು ಮೇಲೆ ಬಂತು, ಬಾಗಿಲು ತೆರೆಯಿತು, ಕಪ್ಪು ಮುಖಗಳು ಬೆಳಕಿಗೆ ಕಣ್ಣು ಕಿರಿದು ಮಾಡಿದವು. “ಏನ್ರೋ ಇದು, ಸ್ವಾಗತಕ್ಕೆ ಊರೇ ಬಂದಿದೆ! ಬ್ಯಾಂಡು ಎಲ್ಲಿ?” ಎಂದ ಒಬ್ಬ. ಜನ ಒಮ್ಮೆಲೇ ನಕ್ಕರು, ಅತ್ತರು, ಮುಖದ ಮಸಿಯನ್ನು ತಮ್ಮ ಹಬ್ಬದ ಬಟ್ಟೆಗೆ ಬಳಿದುಕೊಂಡರು. ಎಲ್ಲರೂ ಬಂದಿದ್ದರು. ಸಿಳ್ಳೆಗೆ ಯಾರೂ ಸತ್ತಿರಲಿಲ್ಲ. ನಾನೂ ಸಗಿಂದಿಕನ ಬೆನ್ನು ತಟ್ಟಲು ಕೈಯೆತ್ತಿದೆ. ಆ ಬೆನ್ನು ಮರಗಟ್ಟಿತ್ತು.

ಬೆಯ್ಬಿತ್ ಕೊನೆಯವನಾಗಿ ಹೊರಗೆ ಬಂದ. ಬರೀ ಅಂಗಿಯಲ್ಲಿದ್ದ.

“ಜಾಕೆಟ್ಟು ಎಲ್ಲಿ?” ಎಂದ ಸಗಿಂದಿಕ್.

“ಕೆಳಗಿದೆ ಕೋಕೆ. ಸೆಕೆ.”

ಮಗನ ಎಡ ಭುಜ ಮೇಲೇರಿತು.

“ಬೆಯ್ಬಿತ್. ಇವರಿಗೆ ಹೇಳು.”

“ಏನ್ ಹೇಳ್ಲಿ? ಸುಮ್ನಿರು, ಎಲ್ಲಾ ನೋಡ್ತಿದ್ದಾರೆ.”

“ನೀನು ಹೇಳು, ಇಲ್ಲ ನಾನು ಹೇಳ್ತೀನಿ.”

“ನೀನು ಹೇಳಿದ್ರೆ ನಾನು ಇಲ್ಲ ಅಂತೀನಿ,” ಎಂದ ಮಗ ತಗ್ಗಿದ ದನಿಯಲ್ಲಿ. “ಎಲ್ಲರೂ ಇಲ್ಲ ಅಂತಾರೆ. ಈಗಷ್ಟೇ ನನ್ನನ್ನ ಮನುಷ್ಯ ಅಂತಿದ್ದಾರೆ ಈ ಊರಲ್ಲಿ. ಅದನ್ನೂ ತಿನ್ಬೇಡ.”

ಸಗಿಂದಿಕ್ ಮೇಸ್ತ್ರಿಯ ಕಡೆ ತಿರುಗಿ, “ಇವರನ್ನ ಇಳಿಸ್ಬೇಡಿ. ಮೂಗು ಮುಚ್ಚಿದೆ,” ಎಂದ. ಮೇಸ್ತ್ರಿ ನಕ್ಕು, “ಅಣ್ಣಾ, ನೀವು ಹಾಡೋರು. ಹಾಡಿ ಹೋಗಿ. ನಡೀರೋ ಒಳಗೆ,” ಎಂದ. ಮುಂದಿನ ಪಾಳಿಯ ಸಾಲು ಬೋನಿನ ಕಡೆಗೆ ಕದಲಿತು.

ಆಗ ಸಗಿಂದಿಕ್ ಬಾಯಿಗೆ ಕೈಹಾಕಿ ಮೇಲಿನ ಕಟ್ಟು ಹಲ್ಲನ್ನು ತೆಗೆದು ಜೇಬಿಗೆ ಹಾಕಿಕೊಂಡ. ತುಟಿ ಕೂಡಿಸಿದ. ಮೊದಲು ಬರೀ ಉಸಿರು ಬಂತು. ಯಾರೋ ಕಿಸಕ್ಕೆಂದರು. ಮತ್ತೆ ಪ್ರಯತ್ನಿಸಿದ. ಬಂತು. ಬೋನಿನ ಬಾಗಿಲಲ್ಲೇ, ಇಳಿಯುವವರ ಮುಖದೆದುರೇ, ಹಾಡಿನ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಪೂರ್ತಿ ಹಾಕಿದ. ಒಂದೆರಡು ಕಡೆ ಸ್ವರ ಜಾರಿತು. ನನ್ನ ಬೆರಳುಗಳು ತಮ್ಮಷ್ಟಕ್ಕೆ ತೊಡೆಯ ಮೇಲೆ ತಾಳ ಹಾಕುತ್ತಿದ್ದವು.

ಮುಂದೆ ನಿಂತಿದ್ದ ಮುದುಕನೊಬ್ಬ ಹಣೆಯ ದೀಪ ಬಿಚ್ಚಿದ. “ನಾನು ಇವತ್ತು ಇಳಿಯಲ್ಲ,” ಎಂದ. ಅವನ ಹಿಂದಿನವನೂ ಬಿಚ್ಚಿದ. ಮೇಸ್ತ್ರಿ ಕೂಗಾಡಿದ, ಕೆಲಸ ತೆಗೆಸುತ್ತೇನೆಂದ. ಆದರೆ ಬೋನಿನ ಬಾಯಲ್ಲಿ ಸಿಳ್ಳೆ ಕೇಳಿದ ಮೇಲೆ ಕೋಮಿರ್ತಾಸಿನವನನ್ನು ಇಳಿಸಲು ದೇವರಿಂದಲೂ ಆಗದು. ದೀಪಗಳು ಒಂದೊಂದಾಗಿ ಕಟ್ಟೆಯ ಮೇಲೆ ಕೂರುವ ಸದ್ದನ್ನು ನಾನು ಕೇಳುತ್ತ ನಿಂತೆ. ಆ ಸದ್ದಿಗಾಗಿ ಎಷ್ಟು ವರ್ಷ ಕಾದಿದ್ದೆನೆಂದು ಅವತ್ತು ತಿಳಿಯಿತು.

ಬೆಯ್ಬಿತ್ ಅಪ್ಪನ ಮುಂದೆ ಬಂದು ನಿಂತ. ಹೊಡೆಯುತ್ತಾನೆಂದುಕೊಂಡೆ. ಹೊಡೆಯಲಿಲ್ಲ. ಅವನ ಕಾಲ ಬಳಿ ಉಗುಳಿ ಸ್ನಾನದ ಮನೆಗೆ ಹೋದ.

ಮರುದಿನ ಕಂಪನಿಯ ಪರೀಕ್ಷೆಯವರು ಇಳಿದು ನೋಡಿ ಎಲ್ಲ ಸರಿಯಿದೆ ಎಂದರು. ಗಣಿ ಸಿಡಿಯಲಿಲ್ಲ. ಸಿಡಿಯದ್ದಕ್ಕೆ ಯಾರು ಯಾರಿಗೆ ಕೈ ಮುಗಿಯುತ್ತಾರೆ? ಕೂಲಿ ಕಳೆದುಕೊಂಡವರು ಸಗಿಂದಿಕನ ಬಾಗಿಲಿಗೆ ಟಾರು ಬಳಿದರು. ಸಂಸ್ಕೃತಿ ಭವನದಲ್ಲಿ ನಮ್ಮ ತಂಡಕ್ಕೆ ಇನ್ನು ಜಾಗವಿಲ್ಲ. ಬೆಯ್ಬಿತ್ ಮತ್ತೆ ‘ಸಿಳ್ಳೆಯವನ ಮಗ’ ಆದ, ಹೆಂಡತಿಯ ತವರಿಗೆ ಹೋಗಿ ಉಳಿದುಕೊಂಡ. ಅಪ್ಪನ ಜೊತೆ ಒಂದು ಮಾತಿಲ್ಲ. ಕೆಲಸ ಮಾತ್ರ ಬಿಟ್ಟಿಲ್ಲ.

ಆದರೂ ಪಾಳಿ ಬಿಟ್ಟ ಮೇಲೆ ಅವನು ಸುತ್ತು ಬಳಸಿ ಅಪ್ಪ ನಿಲ್ಲುವ ಆ ಕಿಟಕಿಯ ಕೆಳಗಿನ ಬೀದಿಯಿಂದಲೇ ಹೋಗುತ್ತಾನೆ. ತಲೆಯೆತ್ತುವುದಿಲ್ಲ. ಕೆಲಸದ ಜಾಕೆಟ್ಟನ್ನು ಗಣಿಯಲ್ಲಿ ಬಿಡದೆ ಮೈಮೇಲೆ ಹಾಕಿಕೊಂಡೇ ಬರುತ್ತಾನೆ. ಕಿಟಕಿಯ ನೇರಕ್ಕೆ ಬಂದಾಗ ಅದರ ಕಾಲರನ್ನು ಒಮ್ಮೆ ಎಳೆದು ಸರಿಮಾಡಿಕೊಳ್ಳುತ್ತಾನೆ. ನಿನ್ನೆ ನಾನು ಅಲ್ಲೇ ಇದ್ದೆ, ಕುಲ್ಯಾಶ್ ಚಹಾ ಸುರಿಯುತ್ತಿದ್ದಳು.

“ನೋಡೋ,” ಎಂದೆ ಸಗಿಂದಿಕನ ಬೆನ್ನಿಗೆ. “ಹಾಕ್ಕೊಂಡಿದ್ದಾನೆ. ನಿನಗೆ ತೋರಿಸ್ಬೇಕು ಅಂತಲೇ ಈ ದಾರೀಲಿ ಬರ್ತಾನೆ. ಇನ್ನಾದ್ರೂ ಕೂತು ಚಹಾ ಕುಡಿ.”

ಅವನು ತಿರುಗಲಿಲ್ಲ. ಮಗ ಬೀದಿಯ ಕೊನೆ ದಾಟುವ ತನಕ ನೋಡುತ್ತಲೇ ಇದ್ದ.

“ಕಂಪನಿಯೋರು ಈಗ ವರ್ಷಕ್ಕೆ ಎರಡು ಜಾಕೆಟ್ಟು ಕೊಡ್ತಾರೆ ಕಣೋ ಫರೀದ್,” ಎಂದ.